ಹದಿನಾಲ್ಕು ಇಂಚಿನ ಕಟ್ಟೆ

"ಕಾಕಾ, ನಿಮ್ಮ ಮ್ಯಾಕ್ರೋದಾಗ ಒಂದು ತಪ್ಪು ಐತ್ರಿ," ಎಂದಳು ನಿಖಿತಾ. ಮನೆಗಳ ನಕ್ಷೆಯನ್ನು ತಾನಾಗಿಯೇ ಬರೆಯುವ ಆ ಪುಟ್ಟ ಪ್ರೋಗ್ರಾಮನ್ನು ದುಂಡಪ್ಪ ಇಪ್ಪತ್ತೆರಡು ವರ್ಷಗಳ ಹಿಂದೆ ಬರೆದಿದ್ದರು. ಹಳೆಯ ಸಾಫ್ಟ್‌ವೇರ್ ನಾಳೆಯಿಂದ ಬಂದ್. ಶಿವಬಸವ ನಗರದ ಆಫೀಸಿನಲ್ಲಿ ಅವಳು ಅದನ್ನು ಪೈಥಾನ್ ಭಾಷೆಗೆ ಬದಲಾಯಿಸುತ್ತಿದ್ದಳು. "ಬಾಗಿಲ ಮುಂದಿನ ಕಟ್ಟಿ ಎಲ್ಲಾ ಕಡೆ ಹದಿನೆಂಟು ಇಂಚು. ಖಾನಾಪುರದ ಮನಿಗೋಳಿಗೆ ಅಷ್ಟ ಹದಿನಾಲ್ಕು. ಯಾಕ್ರಿ?"

ದುಂಡಪ್ಪ ಅಂಗೈಯನ್ನು ಮೊಣಕಾಲಿಗಿಂತ ಕೆಳಗೆ ಹಿಡಿದು ತೋರಿಸಿದರು. "ನಿಮ್ಮ ಕಾಕೂ ಗಿಡ್ಡ ಅದಾಳವಾ. ಆಕಿ ತವರೂರು ಖಾನಾಪುರ. ಹದಿನೆಂಟು ಇಂಚಿನ ಮ್ಯಾಲ ಕುಂತ್ರ ಕಾಲು ನೆಲಕ್ಕ ಹತ್ತಂಗಿಲ್ಲ. ಆ ಊರಾಗ ಯಾರ ಮನಿಗಿ ಹ್ವಾದ್ರೂ ಆರಾಮ ಕುಂದರ್ಲಿ ಅಂತ ಹಂಗ ಬರದೆ."

"ಮನಿ ಕಟ್ಟಿಸಿದವರು ಏನೂ ಅನ್ನಲಿಲ್ಲೇನ್ರಿ?"

"ಅವರ ಮನ್ಯಾಗೂ ಗಿಡ್ಡ ಮಂದಿ ಇರ್ತಾರಲ್ಲ." ಅವರು ನಕ್ಕರು. ನಂತರ ಪರದೆಯಿಂದ ಮುಖ ತಿರುಗಿಸಿ, "ಇರ್ಲಿ, ಅಳಿಸಿಬಿಡು. ಹೊಸಾದರಾಗ ಹದಿನೆಂಟ ಇರ್ಲಿ," ಎಂದರು.

ನಿಖಿತಾ ಅಳಿಸಲಿಲ್ಲ. ಹಳೆಯ ಭಾಷೆಯಲ್ಲಿ ಬರೀ ಅಂಕಿಯಿದ್ದ ಜಾಗಕ್ಕೆ ಅವಳು ದುಂಡಪ್ಪನವರ ಹೆಂಡತಿಯ ಹೆಸರು ಕೊಟ್ಟಳು: ಗೌರವ್ವ = 14.

ದುಂಡಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಕನ್ನಡದಾಗ ನಡೀತೈತೇನ?"

"ನಡೀತೈತ್ರಿ." ಅವಳು ಕೀಲಿ ಒತ್ತಿದಳು. ಪರದೆಯ ಮೇಲೆ ಮನೆ ಮೂಡಿತು, ಅದರ ಮುಂದೆ ತಗ್ಗಾದ ಕಟ್ಟೆಯೂ.

ದುಂಡಪ್ಪ ಮೊಬೈಲ್ ತೆಗೆದು ಫೋಟೊ ಹೊಡೆದುಕೊಂಡರು. ಮತ್ತೆ ಬಗ್ಗಿ ಸಾಲು ಸಾಲಾಗಿ ಓದತೊಡಗಿದರು.

"ಗಿಡ್ಡ ಅಂತ ಎಲ್ಲೂ ಬರದಿಲ್ಲ ಹೌದಿಲ್ಲೋ? ಮನ್ಯಾಗ ತೋರಸೂದೈತಿ."