ಅವ್ವ ತಲೆ ಬಾಚಿದ ಸಂಜೆ

ಅಂದು ಬೆಳಿಗ್ಗೆಯೂ ಎಂದಿನಂತೆ ಅವ್ವನ ಚಹಾ ಹೊಸ್ತಿಲ ಮೇಲಿಟ್ಟು ಹಿಂದೆ ಸರಿದೆ. ಲೂಪಸ್ ಕಾಯಿಲೆಯ ಗುಳಿಗೆಗಳಿಂದ ಮೈಯ ರೋಗ ತಡೆಯುವ ಶಕ್ತಿ ಕುಂದಿ ಅವಳಿಗೆ ಟಿಬಿ ತಗುಲಿತ್ತು. ಎರಡು ತಿಂಗಳಿಂದ ಹೊರಗಿನ ಕೋಣೆಯಲ್ಲಿ ಒಬ್ಬಳೇ ಇದ್ದಳು; ನನ್ನನ್ನು ಮುಟ್ಟಿರಲಿಲ್ಲ.

ಮಧ್ಯಾಹ್ನ ಶಿಗ್ಗಾಂವದ ಡಾಕ್ಟರು ಕಫದ ವರದಿ ನೋಡಿ, "ಇನ್ನ ಯಾರಿಗೂ ಹರಡೂದಿಲ್ರಿ. ಮಗಳನ್ನ ಹತ್ರ ಕರ್ಕೋರಿ. ಗುಳಗಿ ಮಾತ್ರ ಬಿಡಬ್ಯಾಡ್ರಿ" ಎಂದರು.

ಈಗಲೂ ಬಿಸಿ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಆ ಸಂಜೆ ನೆನಪಾಗುತ್ತದೆ. ಅವ್ವ ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸತೊಡಗಿದಳು.

"ಏನ್ ಸಿಕ್ಕವಾ ಇದು! ನಿಮ್ಮಪ್ಪ ತಲಿ ಬಾಚ್ಯಾರೋ, ಹಗ್ಗ ಹೊಸೆದಾರೋ?"

ನೋವಿಗೆ ಚೀರಿದೆ, ಆದರೆ ಏಳಲಿಲ್ಲ.

ಗೋಡೆಯಾಚೆಯಿಂದ ಪಕ್ಕದ ಮನೆಯ ಕಾಕು ಕೂಗಿದಳು: "ಯಾಕ್ರಿ, ಹುಡುಗಿ ಹಂಗ ಒದರಾಕತ್ತಾಳ? ತಲ್ಯಾಗ ಹೇನು ಬಿದ್ದಾವೇನ?"

"ಹೇನಲ್ರಿ, ಎರಡ ತಿಂಗಳದ ಸಿಕ್ಕರಿ!" ಎಂದು ಅವ್ವ ಮತ್ತೆ ಬಾಚಣಿಗೆ ಎಳೆದಳು.