ಹಾವಿನ ಗುಡ್ಡದ ಮೂಲೆ ಸೈಟು

“ಹಂದಿ ಸತ್ತೈತಿ. ತೊಗಲು ಸುಲಿಯಾಕತ್ತೀನಿ. ನೀ ಅಲ್ಲೇ ಕತ್ತಿ ಹಿಡ್ಕೊಂಡು ನಿಂದ್ರು.”

ತಿಮ್ಮರಾಯಪ್ಪ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ. ಬಿಟಿಎಂ ಲೇಔಟಿನಲ್ಲಿ ಮೂರು ಮಹಡಿ ಎಬ್ಬಿಸಿ ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟವನಿಗೆ ಇದೇ ಬೆಳಗಿನ ವಾಕಿಂಗ್. ಆದರೆ ಇಂಥ ಮಾತು ಕೇಳಿದ್ದು ಇದೇ ಮೊದಲು. ಒಳಗೆ ಹೋದ ಜೀವದ ಚಿಂತೆ ಅವನಿಗಿರಲಿಲ್ಲ. ಗೋಡೆಗೆ ಹೊಸದಾಗಿ ಡಿಸ್ಟೆಂಪರ್ ಹೊಡೆಸಿದ್ದ.

ಬಾಗಿಲು ದಬ್ಬಿದ. ರಕ್ತವಿಲ್ಲ, ಹಂದಿಯಿಲ್ಲ. ರಾಯಚೂರು ಕಡೆಯಿಂದ ಬಂದ ಬಾಡಿಗೆಯ ಚನ್ನವೀರ ಕಂಪ್ಯೂಟರ್ ಮುಂದೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಪರದೆಯ ಮೇಲೆ ಬೆರಳುದ್ದದ ವೀರನೊಬ್ಬ ಕಾಡುಹಂದಿಯ ತೊಗಲನ್ನು ಚೀಲಕ್ಕೆ ತುಂಬುತ್ತಿದ್ದ.

“ಏನ್ಲಾ ಇದು?”

“ಕೆಲಸ್ರಿ, ಯಜಮಾನ್ರ. ತೊಗಲು ಮಾರಿದ್ರ ಈ ಆಟದಾಗ ಚಿನ್ನ ಸಿಗತೈತಿ. ಅಮೆರಿಕದ ಮಂದಿಗೆ ಹಂದಿ ಹೊಡಿಯಾಕ ಪುರುಸೊತ್ತಿಲ್ಲ. ನಾ ಆಟದ ಚಿನ್ನ ಕೊಡ್ತೀನಿ, ಅವರು ಖರೇ ಡಾಲರ್ ಕಳಸ್ತಾರ.”

ತಿಮ್ಮರಾಯಪ್ಪ ಪಂಚೆ ಜಾರುವಷ್ಟು ನಕ್ಕ. ಮೊದಲೇ ಅವನಿಗೆ ಅನುಮಾನವಿತ್ತು. ಕೋಣೆ ನೋಡಲು ಬಂದ ದಿನ ರಸ್ತೆ ಕಡೆಯ ಗಾಳಿ ಬೆಳಕಿನ ಕೋಣೆ ತೋರಿಸಿದರೆ, ಈ ಪುಣ್ಯಾತ್ಮ ಹಿಂದಿನ ಕತ್ತಲೆ ಕೋಣೆಯೇ ಬೇಕು, ತೆಂಗಿನ ಮರ ಕಾಣಬೇಕು ಅಂದಿದ್ದ. ಪೂರಾ ತಿಕ್ಕಲು ಎಂದು ಈಗ ಖಾತ್ರಿಯಾಯಿತು.

“ನಮ್ಮ ಮನೆ ಬಾಡಿಗೆಯವ್ನು ಗಾಳೀಲಿ ಹಂದಿ ಹೊಡ್ದು ಬಾಡಿಗೆ ಕಟ್ತಾನೆ ಕಣ್ರಪ್ಪೋ!” ಎಂದು ಬೀದಿಗೆಲ್ಲ ಸಾರಿದ. ಹಳೆಯ ಸೈಟು ವ್ಯಾಪಾರದಲ್ಲಿ ಅವನ ಪಾಲುದಾರನಾಗಿದ್ದ ಯಡಿಯೂರಿನ ವೆಂಕಟಾಚಲ ಇದನ್ನು ನೋಡಲೆಂದೇ ಆಟೋ ಹತ್ತಿ ಬಂದ. ಇಬ್ಬರೂ ಕೂತು ಇನ್ನೊಮ್ಮೆ ನಕ್ಕರು.

ಒಂದು ದಿನ ನಗು ನಿಂತಿತು. ಪರದೆಯ ಮೇಲೆ ಹಂದಿಯಿರಲಿಲ್ಲ. ಕೆರೆ ದಂಡೆ, ಪುಟ್ಟ ಮನೆ, ಮೂಲೆಯಲ್ಲೊಂದು ಮರವಿತ್ತು.

“ಜಾಗ್ರಿ,” ಎಂದ ಚನ್ನವೀರ. “ಆಟದ ಊರಾಗ ಮನಿ ಕಟ್ಟೋ ಜಾಗ ಮುಗದಾವು. ಅದಕ್ಕ ಭಾರೀ ರೇಟು. ಹ್ವಾದ ವಾರ ಒಬ್ಬ ಅಮೆರಿಕದವ ಡಾಲರ್ ಸುರುವಿ ಒಂದು ತಗೊಂಡ.”

ಜಾಗ ಮುಗಿದಿದೆ! ಈ ಎರಡು ಪದ ಕೇಳಿದರೆ ತಿಮ್ಮರಾಯಪ್ಪನ ಬಾಯಲ್ಲಿ ನೀರೂರುತ್ತಿತ್ತು. ಅಪ್ಪನ ರಾಗಿ ಹೊಲವನ್ನು ಅವನು ಸೈಟು ಮಾಡಿ ಮಾರಿದ್ದೇ ಆ ಮಾತಿನ ಬಲದಲ್ಲಿ. ಕುರ್ಚಿ ಎಳೆದುಕೊಂಡ.

“ರಿಜಿಸ್ಟ್ರೇಷನ್ನು?”

“ಇಲ್ರಿ.”

“ದಾಯಾದಿಗಳು?”

“ಯಾರೂ ಇಲ್ರಿ. ಗುಡ್ಡದ ಮ್ಯಾಲೆ ಬೆಂಕಿ ಉಗುಳೋ ಹಾವೊಂದೈತಿ, ಅಷ್ಟ.”

“ಅದೇನ್ಮಾಡತ್ತೆ ಬಿಡು. ತಹಶೀಲ್ದಾರ್‌ಗಿಂತ ಹಾವು ವಾಸಿ.” ಪರದೆಯ ಮೇಲಿನ ಆ ಪುಟ್ಟ ಮನೆಯ ಮುಂದೆ ನೇತುಬಿದ್ದ ಬೋರ್ಡಿನತ್ತ ಕೈ ತೋರಿಸಿದ. ಇಂಗ್ಲಿಷಿನಲ್ಲಿತ್ತು, ಅವನಿಗೆ ಕನ್ನಡದಲ್ಲಿ ಸಹಿ ಹಾಕುವುದೇ ಒಂದು ಸಾಹಸ. “ಅದೇನದು?”

“ಮಾಲಕರ ಹೆಸರ್ರಿ.”

“ಭೇಷ್!”

ನಾಲ್ಕನೇ ಮಹಡಿಗೆಂದು ಕೂಡಿಟ್ಟಿದ್ದ ದುಡ್ಡಷ್ಟನ್ನೂ ತಂದು ಆ ಜಾಗಕ್ಕೆ ಸುರಿದ. ದೀಪಾವಳಿಗೆ ಡಬಲ್ ಆದರೆ ಐದನೆಯದನ್ನೂ ಎಬ್ಬಿಸಬಹುದು; ಮುಳುಗಿದರೆ ಈಗಾಗಲೇ ಮೇಲೆ ನಿಂತಿರುವ ಕಂಬಿಗಳಿಗೆ ಬಟ್ಟೆ ಒಣಹಾಕಬೇಕು. ಆದರೆ ಭೂಮಿಯ ವಿಷಯದಲ್ಲಿ ತಿಮ್ಮರಾಯಪ್ಪ ಮುಳುಗುವುದೆಂದರೇನು? ಖುಷಿಯಲ್ಲಿ ಹುಡುಗನಿಗೆ ಒಂದಿಷ್ಟು ಪಾಠ ಹೇಳಬೇಕೆನಿಸಿತು.

“ಈ ಕಟ್ಟಡ ಇರೋ ಸೈಟು ಮೂರು ಜನಕ್ಕೆ ಮಾರಿದ್ದೆ ಕಣಯ್ಯಾ. ಒಬ್ಬ ಬ್ಯಾಂಕಿನವ್ನು, ಒಬ್ಳು ಟೀಚರಮ್ಮ, ಇನ್ನೊಬ್ಬ ಕಲ್ಲು ಕುಟ್ಟೋ ಮರೆಪ್ಪ. ದುಡ್ಡು ಇಸ್ಕೊಂಡು, ಹಿಂದಿರೋ ಆ ತೆಂಗಿನ ಮರದ್ದೇ ಎಳನೀರು ಕುಡಿಸಿ ಕಳಿಸ್ತಿದ್ದೆ. ಅದು ನಮ್ಮ ಪದ್ಧತಿ. ಹೊಟ್ಟೆ ತಣ್ಣಗಾದ್ರೆ ಮನುಷ್ಯ ಪತ್ರ ಕೇಳಲ್ಲ. ಮೂರೂ ಜನ ಅಲೆದೂ ಅಲೆದೂ ಸುಸ್ತಾಗಿ ಹೋದ್ರು, ಸೈಟು ನಂದೇ ಆಯ್ತು.”

“ಅದು ತಪ್ಪಲ್ಲೇನ್ರಿ?”

“ಕೇಳ್ದೆ ಕೊಂಡಿದ್ದು ಅವರ ತಪ್ಪು.”

ಚನ್ನವೀರ ಕೆಳಗಿಳಿದು ಹೋಗಿ ಎಳನೀರು ಕೆತ್ತಿಸಿ ತಂದು ಕೈಗಿತ್ತ. “ಕುಡೀರಿ ಯಜಮಾನ್ರ. ಪದ್ಧತಿ ತಪ್ಪಬಾರದು.”

ಬಲು ಚುರುಕಿನ ಹುಡುಗ ಎಂದುಕೊಳ್ಳುತ್ತ ತಿಮ್ಮರಾಯಪ್ಪ ಕೊನೆಯ ಹನಿಯವರೆಗೂ ಹೀರಿದ.

ದೀಪಾವಳಿ ಹತ್ತಿರವಾದಾಗ ಯಡಿಯೂರು ಕೆರೆಯ ಬೆಂಚಿನ ಮೇಲೆ ವೆಂಕಟಾಚಲ ಸಿಕ್ಕ. ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಯಾರ್ಗೂ ಹೇಳ್ಬೇಡ ತಿಮ್ಮ. ನಿನ್ನ ಬಾಡಿಗೆಯವನ ಹತ್ರ ನಾನೂ ಒಂದು ಜಾಗ ಹಿಡ್ದಿದ್ದೀನಿ. ಕೆರೆ ದಂಡೆ, ಮೂಲೆ ಸೈಟು, ಮೂಲೇಲೊಂದು ಮರ. ಹುಡುಗ ಬಲು ಮರ್ಯಾದಸ್ಥ ಕಣೋ. ದುಡ್ಡು ಇಸ್ಕೊಂಡು ಎಳನೀರು ಬೇರೆ ಕುಡಿಸ್ದ.”

ಎಳನೀರು ಎಂದದ್ದೇ ತಿಮ್ಮರಾಯಪ್ಪ ವೆಂಕಟಾಚಲನ ರಟ್ಟೆ ಹಿಡಿದು ಬೆಂಚಿನಿಂದ ಎಬ್ಬಿಸಿದ.

ಇಬ್ಬರೂ ಏದುಸಿರು ಬಿಡುತ್ತ ಮಹಡಿ ಹತ್ತಿದರು. ಚನ್ನವೀರ ಓಡಿಹೋಗಿರಲಿಲ್ಲ. ಚೀಲ ಕಟ್ಟಿಟ್ಟು, ಇವರನ್ನೇ ಕಾಯುತ್ತಿದ್ದವನಂತೆ ಕೂತಿದ್ದ. ಪರದೆಯ ಮೇಲೆ ಅದೇ ಕೆರೆ, ಅದೇ ಮರ.

“ಒಂದೇ ಸೈಟು ಇಬ್ರಿಗೆ ಮಾರಿದ್ದೀಯೇನೋ, ಕಳ್ಳ ನನ್ಮಗ್ನೆ?”

“ಇಲ್ರಿ. ಮೂರು ಮಂದಿಗೆ.”

ಗಲಾಟೆ ಕೇಳಿ ಮೆಟ್ಟಿಲ ತನಕ ಬಂದಿದ್ದ ತಿಮ್ಮರಾಯಪ್ಪನ ಹೆಂಡತಿ ಮುನಿವೆಂಕಟಮ್ಮ, ಸದ್ದಾಗದಂತೆ ಹಿಂದಕ್ಕೆ ಇಳಿದು ಹೋದಳು.

“ಪೊಲೀಸ್ ಸ್ಟೇಷನ್ನಿಗೆ ಎಳ್ಕೊಂಡು ಹೋಗ್ತೀನಿ!”

“ನಡೀರಿ. ಸೈಟು ಎಲ್ಲೈತಿ ಅಂತ ಕೇಳ್ತಾರ. ಹಾವಿನ ಗುಡ್ಡದ ಪಕ್ಕ ಅಂತ ನೀವ ಹೇಳ್ರಿ.”

ವೆಂಕಟಾಚಲ ಪೊಲೀಸರ ಸಹವಾಸ ಬೇಡವೆಂದು ಮೆಟ್ಟಿಲತ್ತ ತಿರುಗಿದ. ತಿಮ್ಮರಾಯಪ್ಪ ಮಾತ್ರ ಸೋಲಲಿಲ್ಲ. ಅರ್ಧ ಆಯಸ್ಸು ಸೈಟಿನ ಜಗಳದಲ್ಲೇ ಕಳೆದವನು. ಕೊನೆಗೊಂದು ಗಟ್ಟಿ ಸಾಕ್ಷಿ ಹಿಡಿದ.

“ಬೋರ್ಡು! ಮಾಲೀಕರ ಹೆಸರು ಅಂತ ನೀನೇ ಹೇಳಿದ್ಯಲ್ಲೋ! ಓದು ಅದನ್ನ. ಅದ್ರಲ್ಲಿ ಯಾರ ಹೆಸರಿದೆಯೋ ಅವನದೇ ಸೈಟು. ವೆಂಕಟಾಚಲಾ, ನೀನೂ ಕೇಳಿಸ್ಕೋ!”

ಚನ್ನವೀರ ಕಿಟಕಿಯಾಚೆಯ ತೆಂಗಿನ ಮರದತ್ತ ಒಮ್ಮೆ ನೋಡಿದ.

“ಮರೆಪ್ಪ ಅಂತ ಐತ್ರಿ. ನಮ್ಮಪ್ಪ.”