ನಡುವಿನ ಪೆಟ್ಟಿಗೆ

ಪಿಟೀಲು ಬಂತು, ಮೃದಂಗ ಬಂತು, ಹಾಡುವವರ ದನಿ ಮಾತ್ರ ಬರಲಿಲ್ಲ. ಟೀವಿಯಲ್ಲಿ ಸರಸಮ್ಮ ಹಸಿರು ಜರಿಸೀರೆ ಉಟ್ಟು, ಕಣ್ಣು ಮುಚ್ಚಿ, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರು, ಅಷ್ಟೇ. ಪಡಸಾಲೆಯ ಜಮಖಾನದ ಮೇಲೆ ಕೂತಿದ್ದ ಇಪ್ಪತ್ತು ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ತಿರುನಾರಾಯಣರ ಮುಖ ನೋಡಿದರು.

"ಈಗ ಬರುತ್ತೆ, ಈಗ ಬರುತ್ತೆ" ಎನ್ನುತ್ತಾ ತಿರುನಾರಾಯಣ ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದರು. ಮೂಲೆಯ ದೊಡ್ಡ ಬೇಸ್ ಪೆಟ್ಟಿಗೆ ಗುಮ್ ಗುಮ್ ಎಂದು ಶೋಕೇಸಿನ ಗಾಜು ಅದುರಿತೇ ಹೊರತು ಹೆಂಡತಿಯ ದನಿ ಹೊರಡಲಿಲ್ಲ. ಮದುವೆಯಾಗಿ ಮೂವತ್ತು ವರ್ಷದ ಮೇಲೆ ಸರಸಮ್ಮ ಹಾಸನದ ರಾಮೋತ್ಸವದಲ್ಲಿ ಮೊದಲ ಸಲ ವೇದಿಕೆ ಹತ್ತಿ ಹಾಡಿದ್ದರು. ಅದರ ಸಿ.ಡಿ. ನಿನ್ನೆಯಷ್ಟೇ ಹೊಳೆನರಸೀಪುರಕ್ಕೆ ಬಂದಿತ್ತು. ತಾಲ್ಲೂಕು ಆಫೀಸಿನಿಂದ ರಿಟೈರಾದ ಮನುಷ್ಯನಿಗೆ ಉತ್ಸಾಹ ಹತ್ತಿಬಿಟ್ಟರೆ ಕೇಳಬೇಕೆ! ಕೋಟೆ ಬೀದಿಯ ಮನೆಮನೆಗೂ ಹೋಗಿ, ಮದುವೆಗೆ ಕರೆಯುವ ಹಾಗೆ ಕರೆದು ಬಂದಿದ್ದರು. ಹೋದ ವಾರ ಹೋಮ್ ಥಿಯೇಟರ್ ತಂದಿದ್ದೂ ಇದಕ್ಕೇ. "ಐದು ಸ್ಪೀಕರು ಕಣೇ, ಐದರಲ್ಲೂ ನೀನೇ" ಎಂದು ಹೆಂಡತಿಗೆ ಮಾತು ಬೇರೆ ಕೊಟ್ಟಿದ್ದರು.

"ಸರಸಾ, ಅವತ್ತು ಮೈಕು ಹಾಕಿದ್ರೋ ಇಲ್ವೋ?" ಎಂದರು ಎದುರುಮನೆ ಹಂಸ. ಜನ ಗೊಳ್ಳೆಂದರು. ಸರಸಮ್ಮನೂ ನಗಲು ನೋಡಿದರು, ಆಗಲಿಲ್ಲ. ಗಂಡನ ಹತ್ತಿರ ಬಂದು ಮೆಲ್ಲಗೆ, "ನನ್ನ ದನಿ ಅಲ್ಲಿ ಹಿಡಿದೇ ಇಲ್ವೇನೋ ಕಣ್ರೀ. ಸಾಕು ಬಿಡಿ, ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿಬಿಡೋಣ" ಎಂದರು.

"ಬಿಡೋದಾ? ಯಾರೂ ಏಳಕೂಡದು!" ಎಂದು ಕೂಗಿ ತಿರುನಾರಾಯಣ ಟೀವಿ ರಿಪೇರಿಯ ದೇವರಾಜುವಿಗೆ ಫೋನು ಮಾಡಿದರು. ಅವನು ಬರುವಷ್ಟರಲ್ಲಿ ಸಿ.ಡಿ.ಯನ್ನು ಪಂಚೆಯ ಚುಂಗಿನಲ್ಲಿ ಮೂರು ಸಲ ಒರೆಸಿ, ಕೆಂಪು ಪಿನ್ನು ತೆಗೆದು ಬಿಳಿಯದಕ್ಕೆ, ಬಿಳಿಯದು ತೆಗೆದು ಕೆಂಪಿಗೆ ಚುಚ್ಚಿ, ಬೆವರಿ ನೀರಾಗಿದ್ದರು. ಎಡಕ್ಕಿದ್ದ ಪಿಟೀಲು ಬಲಕ್ಕೆ ಹೋಯಿತು, ಅಷ್ಟೇ ಆದ ಲಾಭ.

ದೇವರಾಜು ಲೂನಾ ನಿಲ್ಲಿಸಿ ಬಂದವನೇ ಯಾವ ವೈರನ್ನೂ ಮುಟ್ಟಲಿಲ್ಲ. ರಿಮೋಟು ಇಸಿದುಕೊಂಡು, "ಎಲ್ರೂ ಒಸಿ ಸುಮ್ಕಿರಿ" ಎಂದು ಒಂದು ಗುಂಡಿ ಒತ್ತಿದ. ಎಡಗಡೆಯ ಸ್ಪೀಕರು ಶ್ ಎಂದಿತು. ಆಮೇಲೆ ಎಲ್ಲೂ ಏನೂ ಇಲ್ಲ. ಆಮೇಲೆ ಬಲಗಡೆಯದು ಶ್ ಎಂದಿತು, ಹಿಂದಿನವೆರಡೂ ಒಂದಾದ ಮೇಲೊಂದು ಶ್ ಎಂದವು.

"ನಾಕೇ ಅದಾವಲ್ಲ ಸಾ! ನಡುವಿನ್ದು ಎಲ್ಲಿ ಮಡಗಿದ್ದೀರಾ?"

"ಅದಾ? ಅಡುಗೆಮನೇಲಿದೆ. ಅಮ್ಮ ಮಡೀಲಿದ್ದಾಗ ಈ ಕಡೆ ಬರಲ್ಲ ನೋಡು, ಬೆಳಿಗ್ಗೆ ಸ್ತೋತ್ರ ಅಲ್ಲೇ ಕೇಳಲಿ ಅಂತ ವೈರು ಎಳೆದು ಇಟ್ಟಿದೀನಿ. ಐದರಲ್ಲಿ ಒಂದು ಅಲ್ಲಿದ್ರೆ ಏನಾಯ್ತು?"

"ಏನಾಯ್ತಾ!" ದೇವರಾಜು ಹಣೆ ಚಚ್ಚಿಕೊಂಡ. "ಮನ್ಸರ ಗಂಟ್ಲು ಬರೋದೇ ಅದ್ರಲ್ಲಿ ಕಣ್ ಸಾ! ಇವು ನಾಕೂ ಬರೀ ಪಕ್ಕವಾದ್ಯ. ಸರಸಮ್ಮಾವ್ರು ಆಗ್ಲಿಂದ ಅಲ್ಲಿ ಒಬ್ರೇ ಆಡ್ತಾವ್ರೆ, ಓಗಿ ನೋಡಿ!"

ತಿರುನಾರಾಯಣರಿಗೆ ಹೋದ ಜೀವ ಬಂದಂತಾಯಿತು. "ಸಿಕ್ಕಿತು! ಸರಸಾ, ನಿನ್ನ ದನಿ ಸಿಕ್ಕಿತು ಕಣೇ!" ಎಂದು ಪಂಚೆ ಎತ್ತಿ ಕಟ್ಟಿ ಓಡಿದರು. ಹಿಂದೆ ಸರಸಮ್ಮ, ಅವರ ಹಿಂದೆ ಹಂಸ, ಹಂಸರ ಹಿಂದೆ ಅರ್ಧ ಕೋಟೆ ಬೀದಿ. ನಡುಮನೆ ದಾಟಿ, ತೊಟ್ಟಿ ಸುತ್ತಿ, ಮುಚ್ಚಿದ್ದ ಅಡುಗೆಮನೆಯ ಬಾಗಿಲು ತಳ್ಳಿದರೆ ಹಾಡು! ಪಿಟೀಲಿಲ್ಲ, ಮೃದಂಗವಿಲ್ಲ, ಬರೀ ಸರಸಮ್ಮನ ದನಿ, ಶ್ರುತಿ ಒಂದಿಷ್ಟೂ ಅಲುಗದೆ ತುಂಬಿಕೊಂಡು ಬರುತ್ತಿತ್ತು. ಹೊಸಿಲ ಹೊರಗೆ ನಿಂತ ಹಂಸ ಬಾಯಿ ಮೇಲೆ ಕೈ ಇಟ್ಟುಕೊಂಡರು. ಸರಸಮ್ಮ ತಮ್ಮ ದನಿಯನ್ನು ತಾವೇ ಮೊದಲ ಸಲ ಕೇಳುವವರಂತೆ ನಿಂತುಬಿಟ್ಟರು.

ಒಳಗೆ ಮಣೆಯ ಮೇಲೆ ತಿರುನಾರಾಯಣರ ತಾಯಿ ಕೂತಿದ್ದರು. ಸೊಸೆಯ ಹಾಡು ಕೇಳಲು ಹಾಸನಕ್ಕೂ ಹೊರಡದಿದ್ದ, ಇವತ್ತು ಪಡಸಾಲೆಗೂ ಬಾರದಿದ್ದ ಎಂಬತ್ತರ ಮುದುಕಿ. ಈಳಿಗೆಮಣೆ ಪಕ್ಕಕ್ಕೆ ಸರಿದಿತ್ತು, ಸೋರೆಕಾಯಿ ಅರ್ಧಕ್ಕೇ ನಿಂತಿತ್ತು. ಬಲಗೈ ತೊಡೆಯ ಮೇಲೆ ಒಂದೆಣಿಕೆಯೂ ತಪ್ಪದೆ ತಾಳ ಹಾಕುತ್ತಿತ್ತು. ಅಮ್ಮನಿಗೆ ತಾಳಜ್ಞಾನ ಇದೆಯೆಂಬುದು ಮಗನಿಗೆ ಗೊತ್ತಾದದ್ದು ಈಗ.

"ಅಮ್ಮಾ, ಆ ಪೆಟ್ಟಿಗೆ ಆ ಕಡೆ ತಗೊಂಡು ಹೋಗ್ತೀನಮ್ಮ. ಪಡಸಾಲೇಲಿ ಯಾರಿಗೂ ಇವಳ ಹಾಡು ಕೇಳಿಸ್ತಿಲ್ಲ."

ಮುದುಕಿ ಎಡಗೈ ಎತ್ತಿ ಮಗನನ್ನು ಸುಮ್ಮನಿರಿಸಿದರು. ಚರಣ ಮುಗಿದು ಪಲ್ಲವಿಗೆ ಬಂದ ಮೇಲೇ ಕಣ್ಣು ತೆರೆದದ್ದು.

"ಅಲ್ಲೇ ಇರಲಿ, ಮುಟ್ಟಬೇಡ" ಎಂದರು. "ಮೂವತ್ತು ವರ್ಷದಿಂದ ಇವಳು ದಿನಾ ಹಾಡ್ತಿರೋದೇ ಈ ಒಲೆ ಮುಂದೆ. ಪಡಸಾಲೇಲಿ ಕೂತಿದ್ದ ನಿನಗೆ ಯಾವತ್ತು ಕೇಳಿಸಿತ್ತೋ?"